ಕೋಟು ಹಾಕಿಕೊಂಡು ಆಸ್ಪತ್ರೆಗೆ ಹೋದದ್ದು

ಹದಿನೆಂಟು ಕುರಿ, ಒಂದು ಜೊತೆ ಓಲೆ, ನನ್ನ ಹೆಂಡತಿ ಕೆಂಚಮ್ಮನ ಎಡಗಡೆಯ ಕಿಡ್ನಿ. ಆ ಕಾಯಿಲೆಗೆ ನಾವು ತೆತ್ತದ್ದು ಇಷ್ಟು. ಸರ್ಕಾರಿ ಆಸ್ಪತ್ರೆಯಲ್ಲಿ ಕಾಸಿಲ್ಲದೆ ಆಗಬೇಕಿದ್ದ ಆಪರೇಷನ್ನಿಗೆ ಇಷ್ಟೆಲ್ಲ ಯಾಕೆ ಹೋಯಿತೆಂದರೆ, ನಾನು ಕೋಟು ಹಾಕಿಕೊಂಡು ಹೋಗಿದ್ದೆ.

ನಾನು ಕುರಿ ವ್ಯಾಪಾರದವನು, ಯಗಟಿ ಕಡೆಯವನು. ಎರಡು ಮರಿಯಿಂದ ಶುರು ಮಾಡಿ ಮೂವತ್ತು ಕುರಿಯ ಹಿಂಡು ಕಟ್ಟಿದೆ. ನಮ್ಮಲ್ಲಿ ಒಂದು ಕಟ್ಟಳೆ: ಕೊಳ್ಳಲು ಹೋಗುವಾಗ ಹರಕು ಅಂಗಿ, ಮಾರಲು ಹೋಗುವಾಗ ಕೋಟು. ಹರಕು ಅಂಗಿಯವನಿಗೆ ಯಾರೂ ಹೆಚ್ಚು ಬೆಲೆ ಹೇಳುವುದಿಲ್ಲ. ಕೋಟಿನವನ ಹತ್ತಿರ ಯಾರೂ ಕಡಿಮೆಗೆ ಕೇಳುವುದಿಲ್ಲ.

ಹೋದ ಸುಗ್ಗಿ ಮುಗಿದ ಹೊಸದು. ರಾಗಿ ಕೇರುತ್ತಿದ್ದ ಕೆಂಚಮ್ಮ ಮೊರ ಬಿಟ್ಟು ಪಕ್ಕೆ ಹಿಡಿದು ಕೂತಳು. ಒಂದಕ್ಕೆ ಹೋದರೆ ರಕ್ತ. ಕಡೂರಿನ ಡಾಕ್ಟರು ಎಕ್ಸ್‌ರೇ ನೋಡಿ, "ಕಿಡ್ನೀಲಿ ಕಲ್ಲು. ದೊಡ್ಡಾಸ್ಪತ್ರೆಗೆ ಕರ್ಕೊಂಡು ಹೋಗಿ, ತಡ ಮಾಡ್ಬೇಡಿ" ಎಂದು ಚೀಟಿ ಕೊಟ್ಟರು.

ದೊಡ್ಡ ಊರಿನಲ್ಲಿ ಮರ್ಯಾದೆ ಸಿಗಲಿ ಎಂದು, ಎಮರ್ಜೆನ್ಸಿ ಮುಗಿದ ವರ್ಷ ಮಗಳ ಮದುವೆಗೆ ಹೊಲಿಸಿದ್ದ ಕೋಟು ಹಾಕಿದೆ, ವಾಚು ಕಟ್ಟಿದೆ. ಕೌಂಟರಿನ ಗುಮಾಸ್ತ ಮೇಲಿಂದ ಕೆಳಗೆ ನೋಡಿ, "ಪೇಯಿಂಗ್ ವಾರ್ಡ್ ತಾನೇ ಸಾಹುಕಾರ್ರೇ?" ಅಂದ. ಫ್ರೀ ಬೆಡ್ ಅನ್ನುವುದೊಂದು ಇದೆ ಎಂದು ಬಾಯಿ ಬಿಡಲಿಲ್ಲ. ನಾನೂ ಮೀಸೆ ತಿರುವಿ ಹೂಂ ಅಂದೆ. ಕೊಳ್ಳಲು ಹೋದವನು ಮಾರುವವನ ಕೋಟಿನಲ್ಲಿ ನಿಂತಿದ್ದೆ.

ದಿನಕ್ಕೊಂದು ಚೀಟಿ. ಗ್ಲೂಕೋಸ್ ಬಾಟಲಿ, ಇಂಜೆಕ್ಷನ್, ರೂಮಿನ ಬಾಡಿಗೆ. ಆಪರೇಷನ್ನಿಗೆ ದಿನ ಗೊತ್ತಾಗುವ ಮೊದಲೇ ಹನ್ನೆರಡು ಕುರಿ ಅರ್ಧ ಬೆಲೆಗೆ ಹೋದವು. ಜೀವಮಾನವಿಡೀ ಚೌಕಾಸಿ ಮಾಡಿದ ಬಾಯಿ ಅಲ್ಲಿ ಕಟ್ಟಿಹೋಯಿತು. ಬೆಲೆ ಒಗ್ಗದಿದ್ದರೆ ಎದ್ದು ಹೋಗುವವನಿಗೆ ಮಾತ್ರ ಚೌಕಾಸಿ. ನರಳುವವಳನ್ನು ಮಗ್ಗುಲಲ್ಲಿಟ್ಟುಕೊಂಡವನು ಎದ್ದು ಎಲ್ಲಿಗೆ ಹೋಗುತ್ತಾನೆ?

ಆದರೂ ಎದ್ದೆ. ಆಪರೇಷನ್ ದುಡ್ಡು ಹೊಂದಿಸಿಕೊಂಡು ಬರುತ್ತೇನೆಂದು ಅವಳನ್ನೂ ಕರೆದುಕೊಂಡು ಹೊರಟೆ. ಜಗಲಿಯಲ್ಲಿ ಬುಕ್ಕಾಂಬುಧಿಯ ಮುದುಕಿಯೊಬ್ಬಳು ಮಗಳಿಗೆ ಗಂಜಿ ಕುಡಿಸುತ್ತಿದ್ದಳು.

"ಏನಪ್ಪಾ, ಆಪ್ರೇಸನ್ ಆಗ್ದೇನೇ ಹೊಂಟ್ಯಾ?"

"ದುಡ್ಡು ತರಾಕೆ ಹೊಂಟಿದೀನಿ."

"ದುಡ್ಡು ಯಾಕೋ? ಅಮಲ್ದಾರ್ರ ಹತ್ರ ಆದಾಯದ ಸರ್ಟಿಫಿಕೇಟ್ ತಗಂಬಾ. ನನ್ನ ಮಗಳಿಗೆ ಕಾಸಿಲ್ದೆ ಮಾಡುದ್ರು. ಮೊದ್ಲು ಆ ಕೋಟು ಬಿಚ್ಚು, ಮದ್ವೆ ಗಂಡಿನಂಗೆ ಬಂದಿದೀಯಾ!"

"ನಾನೇನು ಭಿಕ್ಷೆ ಬೇಡೋನಲ್ಲ ಕಣಜ್ಜಿ" ಎಂದು ಮುಖ ತಿರುವಿದೆ.

ಊರಿನಲ್ಲಿ ಹತ್ತು ದಿನ. ಇನ್ನಾರು ಕುರಿ ಮಾರಿದೆ, ಅವಳ ಓಲೆ ಮಾರಿದೆ. ಸಾಲಲಿಲ್ಲ. ಹನ್ನೊಂದನೆಯ ದಿನ ಅವಳಿಗೆ ಚಳಿಜ್ವರ ಬಂತು. ಆಗ ಅಜ್ಜಿಯ ಮಾತು ನೆನಪಾಗಿ, ಸರ್ಟಿಫಿಕೇಟಿಗೆ ಮೊದಲು ಬರೆದುಕೊಡಬೇಕಾದ ಶಾನುಭೋಗನ ಮನೆಗೆ ಓಡಿದೆ.

"ನೀನು ಬಡವನೇನೋ? ಮೊನ್ನೆ ಕೋಟು ಹಾಕ್ಕಂಡು ನನ್ನ ಮುಂದೇನೇ ಬಸ್ ಹತ್ತಿದ್ಯಲ್ಲೋ!" ಎಂದು ನಕ್ಕ. "ನಾಳೆ ಬಾ."

ಆ ನಾಳೆ ನಾಲ್ಕು ಸಲ ಆಯಿತು. ಐದನೆಯ ದಿನ ಅವಳನ್ನು ಗಾಡಿಯಲ್ಲಿ ಮಲಗಿಸಿ ಅವನ ಬಾಗಿಲಿಗೇ ತಂದು ನಿಲ್ಲಿಸಿದೆ. "ಇಲ್ಲೇ ಹೋದ್ರೆ ನೀವೇ ಮಣ್ಣು ಮಾಡಿ ಸ್ವಾಮೀ" ಅಂದೆ. ಬರೆದುಕೊಟ್ಟ. ಕಡೂರಿನಲ್ಲಿ ಅಮಲ್ದಾರರು ಅದೇ ಮಧ್ಯಾಹ್ನ ಸಹಿ ಹಾಕಿದರು.

ಅವಳನ್ನು ಕರೆದುಕೊಂಡು ಬರೀ ಅಂಗಿಯಲ್ಲಿ ದೊಡ್ಡಾಸ್ಪತ್ರೆಗೆ ಹೋದೆ. ಅದೇ ಗುಮಾಸ್ತ ನನ್ನ ಗುರುತೇ ಹಿಡಿಯಲಿಲ್ಲ. ಜನರಲ್ ವಾರ್ಡ್ ಬರೆದ. ಮರುದಿನವೇ ಆಪರೇಷನ್. ಸರ್ಜನ್ ಹೊರಗೆ ಬಂದರು. "ಎಡಗಡೇದು ಕೀವು ತುಂಬಿ ಹಾಳಾಗಿತ್ತು, ತೆಗೆದ್ವಿ. ಹದಿನೈದು ದಿನ ಮುಂಚೆ ಬಂದಿದ್ರೆ ಉಳಿಸಬಹುದಿತ್ತು."

ನಾವು ಬಂದಿದ್ದೆವು.

ಆ ಗುಮಾಸ್ತನ ಮೇಲಿನ ಸಿಟ್ಟು ಇಳಿದಿಲ್ಲ. ಶಾನುಭೋಗನ ಮೇಲಿನದೂ ಇಲ್ಲ. ಅಂಗಿ ನೋಡಿ ಕಾಯಿಲೆಗೆ ಬೆಲೆ ಕಟ್ಟುವುದಕ್ಕೆ ಅದೇನು ಕುರಿ ಸಂತೆಯೇ? ಅವರಿಬ್ಬರಿಗಿಂತ ಹೆಚ್ಚು ಸಿಟ್ಟು ಮೀಸೆ ತಿರುವಿದವನ ಮೇಲೆ.

ಕೆಂಚಮ್ಮ ಎದ್ದು ಓಡಾಡುತ್ತಾಳೆ. ಇನ್ನೊಂದು ಕಿಡ್ನಿ ಚೆನ್ನಾಗಿದೆಯಂತೆ, ಅಷ್ಟು ಉಳಿಯಿತು. ಕೋಟನ್ನು ಮರಿಗಳ ಗೂಡಿಗೆ ಹಾಸಿದ್ದಾಳೆ. "ಅವಕ್ಕಾದ್ರೂ ಬೆಚ್ಚಗಿರ್ಲಿ" ಅಂತಾಳೆ.

ಓದುವವರೇ, ಮನೆಯಲ್ಲಿ ಎಲ್ಲರೂ ಗಟ್ಟಿಯಾಗಿರುವಾಗಲೇ ಆದಾಯದ ಸರ್ಟಿಫಿಕೇಟ್ ಮಾಡಿಸಿ ಪೆಟ್ಟಿಗೆಯಲ್ಲಿಡಿ. ಕೌಂಟರಿನಲ್ಲಿ ನಾಚದೆ "ಫ್ರೀ ಬೆಡ್ ಇದೆಯಾ?" ಎಂದು ನೀವೇ ಕೇಳಿ, ಅವರಾಗಿ ಹೇಳುವುದಿಲ್ಲ. ಬರೆದದ್ದನ್ನು ಓದಿಸಿ ಕೇಳಿದ ಮೇಲೆ ಸಹಿ ಹಾಕಿ. ಪೇಯಿಂಗ್ ವಾರ್ಡಿಗೆ ಸೇರಿಬಿಟ್ಟಿದ್ದರೆ ಡಾಕ್ಟರನ್ನೇ ಹಿಡಿದು ಬದಲಾಯಿಸಲು ಬೇಡಿಕೊಳ್ಳಿ. ಕಾಗದಕ್ಕೆ ನೀವು ಓಡಿ, ಕಾಯಿಲೆಯವರು ಅಲ್ಲೇ ಇರಲಿ. ಜಗಲಿಯಲ್ಲಿ ಕೂತ ಅಜ್ಜಿ ಏನಾದರೂ ಹೇಳಿದರೆ, ನಿಂತು ಕೇಳಿ.