ಏಳನೆಯ ದಿನದ ಗಾಳಿ

ನಮ್ಮವರ ಅಣ್ಣನಿಗೆ, ಅಂದರೆ ನನ್ನ ಭಾವನವರಿಗೆ, ಜೀವಮಾನದಲ್ಲಿ ಒಂದೇ ಒಂದು ದೊಡ್ಡ ಆಸೆಯಿತ್ತು. ಮೆಡಿಟರೇನಿಯನ್ ಸಮುದ್ರದ ದಡದುದ್ದಕ್ಕೂ ದೋಣಿಯಲ್ಲಿ ಹೋಗಬೇಕು, ಅದರ ಚುಕ್ಕಾಣಿಯನ್ನು ಒಂದು ಇಡೀ ದಿನ ತಾವೇ ಹಿಡಿಯಬೇಕು. ಜನ ತುಂಬಿದ ದೊಡ್ಡ ಹಡಗು ಅವರಿಗೆ ಬೇಡ. ಮನೆಯವರಷ್ಟೇ ಇರುವ ಸಣ್ಣ ದೋಣಿ ಬೇಕು. ಆ ಆಸೆ ಮುಕ್ಕಾಲು ಪಾಲು ತೀರಿತು. ಉಳಿದ ಕಾಲು ಪಾಲನ್ನು ಕೆಡಿಸಿದವಳು ನಾನು. ಇದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದ್ದನ್ನು ಬರೆಯುವುದು ನನಗೆ ಸುಲಭ.

ಅನುಮಾನ ನನ್ನ ಹುಟ್ಟುಗುಣ. ಅಂಗಡಿಯಲ್ಲಿ ಹಾಲಿನ ಡಬ್ಬ ತೆಗೆಯುವಾಗ ಮುಂದಿನ ಸಾಲಿಗೆ ಕೈ ಹಾಕಿದವಳೇ ಅಲ್ಲ, ಹಿಂದಿನಿಂದ ತೆಗೆದು ತಾರೀಕು ಓದಿಯೇ ಬುಟ್ಟಿಗೆ ಹಾಕುವವಳು. ಯಾರಾದರೂ ಫೋನಿನಲ್ಲಿ "ಸುಮ್ನೆ ಮಾಡ್ದೆ" ಎಂದರೆ ನನ್ನ ಕಿವಿ ನೆಟ್ಟಗಾಗುತ್ತದೆ. ಆಗ ನಾವಿದ್ದದ್ದು ಸಿಡ್ನಿಯ ವೆಸ್ಟ್‌ಮೀಡ್‌ನಲ್ಲಿ, ಸ್ಟೇಷನ್ ಪಕ್ಕದ ರೆಂಟ್ ಫ್ಲಾಟಿನಲ್ಲಿ. ನನ್ನದು ಆಸ್ಪತ್ರೆಯ ಲ್ಯಾಬಿನ ಕೆಲಸ. ಇಡೀ ದಿನ ಸೂಕ್ಷ್ಮದರ್ಶಕಕ್ಕೆ ಕಣ್ಣು ಕೊಟ್ಟು, ಎಲ್ಲಿ ಏನು ಕೆಟ್ಟಿದೆ ಎಂದು ಹುಡುಕುವುದೇ ಉದ್ಯೋಗವಾದ ಮೇಲೆ ಹುಟ್ಟುಗುಣಕ್ಕೆ ಸಂಬಳವೂ ಸಿಕ್ಕ ಹಾಗಾಯಿತು. ನಮ್ಮವರು ನನ್ನನ್ನು "ಸಿಐಡಿ" ಎಂದೇ ರೇಗಿಸುತ್ತಿದ್ದರು.

ಅದರ ಜೊತೆಗೆ ತುಳು. ನಾನು ಮೈಸೂರಿನವಳು, ನಮ್ಮವರು ಉಡುಪಿ ಕಡೆಯವರು, ನಮ್ಮದು ಮೆಚ್ಚಿ ಆದ ಮದುವೆ. ಗಂಡನ ಮನೆಯವರು ನನ್ನ ಹತ್ತಿರ ಚೆಂದದ ಕನ್ನಡದಲ್ಲೇ ಮಾತಾಡುತ್ತಿದ್ದರು. ಆದರೆ ನಾಲ್ಕು ಜನ ಸೇರಿ ಊಟಕ್ಕೆ ಕೂತರೆ ಸಾಕು, ಮಾತು ತಾನಾಗಿ ತುಳುವಿಗೆ ಜಾರಿಬಿಡುತ್ತಿತ್ತು. ಎಲ್ಲರೂ ನಗುವರು. ನಾನೂ ಪೆದ್ದಿಯ ಹಾಗೆ ಹಲ್ಲು ಕಿರಿಯುವೆ. ಮದುವೆಯಾಗಿ ಆರು ವರ್ಷವಾದರೂ ನನಗೆ ಅಂಕಿಗಳು, ಬಾ, ಹೋಗು, ಇಷ್ಟರ ಮೇಲೆ ತುಳು ಹತ್ತಿರಲಿಲ್ಲ. ಆರು ವರ್ಷವಾದರೂ ಮಗುವೂ ಆಗಿರಲಿಲ್ಲ. ಹಾಗಾಗಿ ಅರ್ಥವಾಗದ ಪ್ರತಿ ಮಾತೂ ನನ್ನ ಹೊಟ್ಟೆಯ ಬಗ್ಗೆಯೇ ಎಂದು ನಾನು ತೀರ್ಮಾನ ಮಾಡಿಕೊಂಡಿದ್ದೆ. ಕೇಳಲು ಮಾತ್ರ ಬಾಯಿ ಬರುತ್ತಿರಲಿಲ್ಲ.

ಭಾವನವರು ಮೆಲ್ಬರ್ನ್‌ನಲ್ಲಿ ಎಂಜಿನಿಯರ್. ಅವರ ಹೆಂಡತಿ, ನನ್ನ ಓರಗಿತ್ತಿಯನ್ನು ನಾನು ಅಕ್ಕ ಎಂದು ಕರೆಯುತ್ತಿದ್ದೆ. ಎರಡು ಸಾವಿರದ ಐದಾರರ ಸುಮಾರಿಗೆ, ಈಸ್ಟರ್ ರಜೆಗೆ ಇಬ್ಬರೂ ಸಿಡ್ನಿಗೆ ಬಂದಿದ್ದರು. ಪೆಂಡಲ್ ಹಿಲ್‌ನ ಇಂಡಿಯನ್ ಅಂಗಡಿಗೆ ಕರೆದುಕೊಂಡು ಹೋದರೆ, ಭಾವ ನೆಟ್ಟಗೆ ಹೋಗಿ ಅಕ್ಕಿಮೂಟೆಗಳ ರಾಶಿಗೆ ಡಿಕ್ಕಿ ಹೊಡೆದರು. ಯಾವುದೋ ಆಂಟಿಯ ಟ್ರಾಲಿಗೂ ತಗುಲಿ "ಸಾರಿ ಸಾರಿ" ಎಂದು ನಕ್ಕರು. ಮಧ್ಯಾಹ್ನ ಊಟದ ಹೊತ್ತಿಗೆ ನೀರಿನ ಲೋಟ ಉರುಳಿಸಿದರು. ಕಾರು ಓಡಿಸುವುದನ್ನು ಬಿಟ್ಟು ವರ್ಷವಾಗಿತ್ತಂತೆ. ಏಕೆ ಎಂದರೆ, "ಮೆಲ್ಬರ್ನ್‌ನಲ್ಲಿ ಪಾರ್ಕಿಂಗ್ ಟೆನ್ಷನ್ ಮಾರಾಯ್ತಿ" ಎಂದರು. ಇಷ್ಟು ಸಾಕಾಯಿತು ನನಗೆ. ಮನುಷ್ಯ ಕದ್ದು ಕುಡಿಯುತ್ತಾರೆ, ಅಕ್ಕ ಮುಚ್ಚಿಡುತ್ತಿದ್ದಾರೆ ಎಂದು ಅಂದೇ ಷರಾ ಬರೆದುಕೊಂಡೆ.

ಮೆಲ್ಬರ್ನ್‌ಗೆ ವಾಪಸು ಹೋಗುವ ಮುಂಚೆ ಭಾವ ವಿಷಯ ತೆಗೆದರು. "ಟರ್ಕಿ ಕಡೆ ಒಂದು ದೋಣಿ ಉಂಟು. ಏಳು ದಿನಕ್ಕೆ ಇಡೀ ದೋಣಿ ನಮಗೇ. ನಾವು ನಾಲ್ಕು ಜನ ಮತ್ತು ಕ್ಯಾಪ್ಟನ್, ಅಷ್ಟೇ. ಬರ್ತೀರಾ?"

"ಇದ್ದಕ್ಕಿದ್ದ ಹಾಗೆ ಯಾಕೆ ಭಾವ?" ಎಂದೆ.

"ಈಗ ಹೋಗದಿದ್ರೆ ಮತ್ತೆ ಆಗುದಿಲ್ಲ" ಎಂದರು. ಅಕ್ಕ ತಟಕ್ಕನೆ ಎದ್ದು ಕಾಫಿ ಲೋಟ ತೊಳೆಯಲು ಹೋದರು. ಲೋಟದಲ್ಲಿ ಇನ್ನೂ ಅರ್ಧ ಕಾಫಿ ಇತ್ತು. ಅದನ್ನೂ ನಾನು ಮನಸ್ಸಿನಲ್ಲಿ ಬರೆದುಕೊಂಡೆ.

ಭಾವ ಮೆಲ್ಬರ್ನ್‌ನ ಕೊಲ್ಲಿಯಲ್ಲಿ ವಾರಾಂತ್ಯಗಳಲ್ಲಿ ದೋಣಿ ನಡೆಸುವುದನ್ನು ಕಲಿತಿದ್ದರು. ಕ್ಯಾಪ್ಟನ್‌ಗೆ ಇಮೇಲ್ ಬರೆದು ಮೊದಲೇ ಮಾತು ಮಾಡಿಕೊಂಡಿದ್ದರು. ಆರು ದಿನ ದಿನಕ್ಕೆ ಒಂದೆರಡು ಗಂಟೆ ಚುಕ್ಕಾಣಿ ಕೊಡಬೇಕು, ಸರಿಹೋದರೆ ಏಳನೆಯ ದಿನ ಬೆಳಗಿನಿಂದ ಸಂಜೆಯವರೆಗೆ ದೋಣಿ ಭಾವನವರದ್ದು. ಆ ಏಳನೆಯ ದಿನದ ಮಾತು ಎತ್ತಿದಾಗಲೆಲ್ಲ ಅವರ ಮುಖದಲ್ಲಿ ಹೊಸ ಸೈಕಲ್ ಕೊಡಿಸುತ್ತಾರೆಂದು ತಿಳಿದ ಮಗುವಿನ ಖುಷಿ ಕಾಣುತ್ತಿತ್ತು.

ಅಂತೂ ನಾಲ್ವರೂ ಟರ್ಕಿಗೆ ಹೋದೆವು. ದೋಣಿ ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಮರದ ದೋಣಿ, ಎರಡು ಪುಟ್ಟ ಕೋಣೆ, ಮೇಲೆ ಊಟದ ಮೇಜು. ಕ್ಯಾಪ್ಟನ್ ಬಿಳಿ ಮೀಸೆಯ ಮುದುಕ. ಅಡುಗೆಯೂ ಅವನದೇ, ಸಣ್ಣ ಗಾಜಿನ ಲೋಟದಲ್ಲಿ ದಿನಕ್ಕೆ ಹತ್ತು ಸಲ ಟೀ ಕೊಡುವವನೂ ಅವನೇ. ದಡಕ್ಕೆ ಅಂಟಿಕೊಂಡೇ ಹೋಗುತ್ತಿದ್ದೆವು. ಒಂದು ಕಡೆ ನೀರಿನಿಂದ ನೇರ ಎದ್ದ ಬೋಳು ಬೆಟ್ಟ, ಅದರ ಬುಡದಲ್ಲಿ ಪೈನ್ ಮರ, ಇನ್ನೊಂದು ಕಡೆ ಬರೀ ನೀಲಿ. ಮೀನು ತಿನ್ನದ ನಾನು ಬ್ರೆಡ್ಡಿಗೆ ಅಮ್ಮನ ಚಟ್ನಿಪುಡಿ ಎಣ್ಣೆ ಕಲಸಿಕೊಂಡು ತಿನ್ನುತ್ತಾ ಮೊದಲ ದಿನ ಸುಖವಾಗಿಯೇ ಇದ್ದೆ.

ಎರಡನೆಯ ದಿನ ಅಂಕಿಗಳು ಶುರುವಾದವು.

ಊಟಕ್ಕೆ ಕೂತಾಗ ಅಕ್ಕ ಭಾವನ ಕಿವಿಯ ಹತ್ತಿರ ಬಗ್ಗಿ ಮೆಲ್ಲಗೆ "ಆಜಿ" ಎಂದರು. ಆಮೇಲೆ "ಮೂಜಿ" ಎಂದರು. ತುಳುವಿನಲ್ಲಿ ಆರು, ಮೂರು. ಭಾವ ತಲೆಯಾಡಿಸಿದರು. ಭಾವ ಚುಕ್ಕಾಣಿ ಹಿಡಿದಾಗ ಅಕ್ಕ ಪಕ್ಕದಲ್ಲೇ ಕೂತು "ಪತ್ತ್", ಸ್ವಲ್ಪ ಹೊತ್ತಿಗೆ "ರಡ್ಡ್" ಎನ್ನುತ್ತಿದ್ದರು. ಹತ್ತು, ಎರಡು. ಎಂಜಿನ್ನಿನ ಸದ್ದಿನಲ್ಲಿ ಕ್ಯಾಪ್ಟನ್‌ಗೆ ಕೇಳುತ್ತಿರಲಿಲ್ಲ. ಕೇಳಿದರೂ ಗಂಡ ಹೆಂಡಿರ ಪಿಸುಮಾತು ಎಂದುಕೊಳ್ಳುತ್ತಿದ್ದನೋ ಏನೋ. ನನಗೆ ಮಾತ್ರ ಚೆನ್ನಾಗಿ ಕೇಳಿಸುತ್ತಿತ್ತು. ಅದಕ್ಕೆಂದೇ ಜಾಗ ನೋಡಿ ಕೂತಿರುತ್ತಿದ್ದೆ.

ಏನನ್ನು ಎಣಿಸುತ್ತಿದ್ದಾರೆ ಇವರು? ನಾನು ತಿಂದ ಬ್ರೆಡ್ಡಿನ ತುಂಡನ್ನೇ? ಬೋರ್ಡಿಂಗ್ ಪಾಸಿನ ಹಿಂದೆ ಪೆನ್ಸಿಲಿನಲ್ಲಿ ಬರೆಯತೊಡಗಿದೆ. ಯಾವ ಹೊತ್ತು, ಯಾವ ಅಂಕಿ, ಆಗ ಯಾರು ಯಾರನ್ನು ನೋಡಿದರು. ಲ್ಯಾಬಿನಲ್ಲಿ ಮಾಡುವಂತೆಯೇ ಗೆರೆ ಎಳೆದು ಪಟ್ಟಿ ಮಾಡಿದೆ. ಊಟದ ಹೊತ್ತಿಗೆ ತಪ್ಪದೆ ಬರುವ ಅಂಕಿ ಆರು. ಮದುವೆಯಾಗಿ ಆರು ವರ್ಷ! ಅಲ್ಲಿಗೆ ನನ್ನ ತಲೆಗೆ ಹುಳ ಹೊಕ್ಕಿತು. ನಾಲ್ಕನೆಯ ದಿನ, ಭಾವ ಚುಕ್ಕಾಣಿಯಲ್ಲಿದ್ದಾಗ, ಅಕ್ಕ ಬಾಯಿ ತೆರೆದ ಕ್ಷಣ ನೋಡಿ ಹೊಸ ಡಿಜಿಟಲ್ ಕ್ಯಾಮೆರಾದಲ್ಲಿ ಒಂದು ಫೋಟೋ ಹೊಡೆದೆ. ಸಾಕ್ಷಿ ಬೇಕಿತ್ತು ನನಗೆ. ಯಾವ ಕೋರ್ಟಿಗೆ ಅಂತ ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ.

ನಮ್ಮವರನ್ನು ಕೇಳಿದೆ. "ರೀ, ನಿಮ್ಮ ಅಣ್ಣ ಅತ್ತಿಗೆ ಏನು ಲೆಕ್ಕ ಹಾಕ್ತಿರ್ತಾರೆ?"

"ಎಂತ ಲೆಕ್ಕ? ನಿಂಗೆ ಭ್ರಮೆ. ರಜೆಯಲ್ಲಾದ್ರೂ ಸಿಐಡಿ ಕೆಲ್ಸ ಬಿಡು" ಎಂದು ಟವೆಲ್ ಎತ್ತಿಕೊಂಡು ಈಜಲು ಹೋದರು. ಅವರ ದನಿಯಲ್ಲಿ ಸುಳ್ಳಿತ್ತು. ಗಂಡನ ಸುಳ್ಳು ಹೆಂಡತಿಗೆ ಗೊತ್ತಾಗದೆ ಇರುತ್ತದೆಯೇ? ಅಂದರೆ ಇವರೂ ಅವರ ಜೊತೆ ಸೇರಿದ್ದಾರೆ. ನನಗೆ ಮೈಯೆಲ್ಲ ಉರಿದುಹೋಯಿತು. ಸುತ್ತ ಎತ್ತ ನೋಡಿದರೂ ನೀರು, ಎದ್ದು ಹೋಗಿ ಅಳಲು ಒಂದು ಮೂಲೆಯೂ ಇಲ್ಲದ ದೋಣಿ.

ಆರನೆಯ ದಿನ ಮಧ್ಯಾಹ್ನ ಒಂದು ಕೊಲ್ಲಿಯಲ್ಲಿ ಲಂಗರು ಹಾಕಿ ಊಟಕ್ಕೆ ಕೂತೆವು. ಕ್ಯಾಪ್ಟನ್ ಸುಟ್ಟ ಮೀನು, ಟೊಮೆಟೊ, ಅನ್ನ ತಂದಿಟ್ಟು ತಾನೂ ಟೀ ಹಿಡಿದು ಪಕ್ಕದಲ್ಲಿ ನಿಂತ. ನಾಳೆ ಎಷ್ಟು ಹೊತ್ತಿಗೆ ಹೊರಡಬೇಕು, ಯಾವ ಊರಿನವರೆಗೆ ಹೋಗಬೇಕು ಎಂದು ಭಾವ ಅವನನ್ನು ಮೂರನೆಯ ಸಲ ಕೇಳುತ್ತಿದ್ದರು. ಅಕ್ಕ ನನಗೆ ಬ್ರೆಡ್ಡಿನ ಬುಟ್ಟಿ ಚಾಚಿದರು. ನನ್ನ ಮುಖ ನೋಡುತ್ತಲೇ, ಮೆಲ್ಲಗೆ, "ಆಜಿ" ಎಂದರು.

ಬುಟ್ಟಿಯನ್ನು ಮೇಜಿನ ಮೇಲೆ ಕುಕ್ಕಿದೆ.

"ಆರು ಅಂದ್ರೆ ಏನಕ್ಕ? ಮದುವೆಯಾಗಿ ಆರು ವರ್ಷ ಆಯ್ತು, ಇವಳಿಗೆ ಮಗು ಆಗ್ಲಿಲ್ಲ ಅಂತ ತಾನೇ? ಐದು ದಿನದಿಂದ ಕೇಳಿಸ್ಕೊಳ್ತಾ ಇದೀನಿ. ಹೇಳೋದಿದ್ರೆ ನಂಗೆ ಅರ್ಥ ಆಗೋ ಹಾಗೆ ಹೇಳಿ. ತುಳು ಬೇಡ. ಇಂಗ್ಲಿಷಲ್ಲೇ ಹೇಳಿ, ಕ್ಯಾಪ್ಟನ್ನೂ ಕೇಳಲಿ!"

ನಮ್ಮವರು "ಏ, ಸಾಕು ಮಾಡು" ಎಂದು ನನ್ನ ಕೈ ಹಿಡಿದರು. ಕೊಡವಿಕೊಂಡೆ. ಕ್ಯಾಪ್ಟನ್ ಕಡೆ ತಿರುಗಿ, ಇವರು ಏನೋ ಮುಚ್ಚಿಡುತ್ತಿದ್ದಾರೆ ಎಂದು ನಾನೇ ಇಂಗ್ಲಿಷಿನಲ್ಲಿ ಹೇಳಿದೆ. ಅಷ್ಟಕ್ಕೇ ನಿಲ್ಲಿಸಿದ್ದರೂ ಕೆಲಸ ಕೆಡುತ್ತಿರಲಿಲ್ಲವೇನೋ. "ಹೇಳಿ ಅಕ್ಕ, ಹೇಳಿ" ಎಂದು ಹಟ ಹಿಡಿದೆ.

ಅಕ್ಕ ಭಾವನ ಮುಖ ನೋಡಿದರು. ಭಾವ ಎರಡೂ ಕೈಗಳನ್ನು ತಟ್ಟೆಯ ಅಂಚಿಗಿಟ್ಟು ಕೂತಿದ್ದರು. "ಹೇಳು, ಪರವಾಗಿಲ್ಲ" ಎಂದರು, ಕನ್ನಡದಲ್ಲಿ.

ನಾನು ಕೇಳಿದ ಹಾಗೆ ಅಕ್ಕ ಇಂಗ್ಲಿಷಿನಲ್ಲಿಯೇ ಹೇಳಿದರು. ಇವರಿಗೆ ಪಕ್ಕದ್ದು ಯಾವುದೂ ಕಾಣುವುದಿಲ್ಲ. ಎದುರಿಗೆ, ಕೊಳವೆಯಲ್ಲಿ ನೋಡಿದಷ್ಟು ಮಾತ್ರ ಕಾಣುತ್ತದೆ. ಅದೂ ವರ್ಷದಿಂದ ವರ್ಷಕ್ಕೆ ಕಿರಿದಾಗುತ್ತಿದೆ, ಕೊನೆಗೆ ಮುಚ್ಚಿಹೋಗುತ್ತದೆ ಎಂದು ಡಾಕ್ಟರು ಹೇಳಿದ್ದಾರೆ. ತಟ್ಟೆಯಲ್ಲಿ ಯಾವುದು ಎಲ್ಲಿದೆ, ನೀರಿನಲ್ಲಿ ಯಾವ ದಿಕ್ಕಿನಿಂದ ದೋಣಿ ಬರುತ್ತಿದೆ ಎಂಬುದನ್ನೆಲ್ಲ ಗಡಿಯಾರದ ಅಂಕಿಯಲ್ಲಿ ಹೇಳುತ್ತೇನೆ. ಆರು ಅಂದರೆ ತಟ್ಟೆಯಲ್ಲಿ ಅವರ ಎದೆಯ ಕಡೆ ಇರುವ ಅನ್ನ. ಮೂರು ಅಂದರೆ ಬಲಕ್ಕಿರುವ ಮೀನು.

ಕ್ಯಾಪ್ಟನ್ ಟೀ ಲೋಟವನ್ನು ಸದ್ದಾಗದಂತೆ ಮೇಜಿನ ಮೇಲಿಟ್ಟು, ಹಗ್ಗ ನೋಡುವವನ ಹಾಗೆ ಮುಂದಕ್ಕೆ ಹೋದ. ಭಾವ ಅನ್ನಕ್ಕೆ ಕೈ ಹಾಕಿದರು. ಆರಕ್ಕೆ. ನನಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು, ಅಲ್ಲಿ ಭೂಮಿಯೂ ಇರಲಿಲ್ಲ.

ಕೋಣೆಗೆ ಹೋಗಿ ನಮ್ಮವರ ಮೇಲೆ ಹರಿಹಾಯ್ದೆ. ನನಗೊಬ್ಬಳಿಗೆ ಯಾಕೆ ಹೇಳಲಿಲ್ಲ ಎಂದೆ.

"ಅಣ್ಣ ಯಾರಿಗೂ ಹೇಳ್ಬೇಡ ಅಂದಿದ್ದ. ನಿಂಗೆ ಹೇಳಿದ್ರೆ ಎಂತ ಮಾಡ್ತಿದ್ದೆ, ನೀನೇ ಹೇಳು. ಆಸ್ಪತ್ರೆಯವಳು ನೀನು. ದೋಣಿ ಹತ್ಲಿಕ್ಕೆ ಬಿಡ್ತಿದ್ಯಾ ಅವನನ್ನು?" ಎಂದರು. ಬಿಡುತ್ತಿರಲಿಲ್ಲ, ಖಂಡಿತ. ಆದರೂ ಕುಡಿತ ಎಂದುಕೊಂಡೆನಲ್ಲ, ಕಣ್ಣು ಎಂದು ಯಾಕೆ ಹೊಳೆಯಲಿಲ್ಲ? ಮೂಟೆಗೆ ಡಿಕ್ಕಿ, ಉರುಳಿದ ಲೋಟ, ಬಿಟ್ಟ ಕಾರು, ಎಲ್ಲವೂ ನನ್ನ ಪಟ್ಟಿಯಲ್ಲೇ ಇದ್ದವು.

ಏಳನೆಯ ದಿನ ಬೆಳಿಗ್ಗೆ ಭಾವ ಎಲ್ಲರಿಗಿಂತ ಮೊದಲು ಎದ್ದು, ಸ್ನಾನ ಮಾಡಿ, ಬಿಳಿ ಅಂಗಿ ಹಾಕಿ, ಹಣೆಗೆ ಕುಂಕುಮ ಇಟ್ಟುಕೊಂಡು ಮೇಲೆ ಬಂದಿದ್ದರು. ಅಕ್ಕ ಚುಕ್ಕಾಣಿಗೆ ಹಾಕಲೆಂದು ಹಿಂದಿನ ಸಂಜೆಯೇ ದಡದಿಂದ ತಂದಿದ್ದ ಕಾಡುಹೂವನ್ನು ದಾರದಲ್ಲಿ ಕಟ್ಟಿದ್ದರು. ಕ್ಯಾಪ್ಟನ್ ಆ ಹೂವನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ತಾನೇ ಚುಕ್ಕಾಣಿಯ ಚಕ್ರಕ್ಕೆ ಕಟ್ಟಿದ. ಆಮೇಲೆ ಅಲ್ಲಿಯೇ ನಿಂತ. "ಸರ್, ಇವತ್ತು ಗಾಳಿ ಜೋರು. ಒಳ್ಳೆಯದಲ್ಲ. ನಾನೇ ನಡೆಸ್ತೇನೆ" ಎಂದು ಇಂಗ್ಲಿಷಿನಲ್ಲಿ ಬಹಳ ಮರ್ಯಾದೆಯಿಂದ ಹೇಳಿದ.

ದೋಣಿಯ ತುದಿಯ ಬಾವುಟ ಕಂಬಕ್ಕೆ ಅಂಟಿಕೊಂಡು ಇಳಿಬಿದ್ದಿತ್ತು. ನೀರು ಎಣ್ಣೆಯ ಹಾಗೆ ನಿಂತಿತ್ತು.

"ಹೌದು ಹೌದು, ಗಾಳಿ" ಎಂದರು ಭಾವ. ಹೋಗಿ ಬೆಂಚಿನ ಮೇಲೆ ಕೂತರು. ಸಂಜೆಯವರೆಗೆ ಅಲ್ಲೇ ಕೂತಿದ್ದರು. ಅಕ್ಕ ಪಕ್ಕದಲ್ಲಿದ್ದರೂ ಆ ದಿನ ಒಂದು ಅಂಕಿಯನ್ನೂ ಹೇಳಲಿಲ್ಲ. ಕ್ಯಾಪ್ಟನ್ ಮಾಡಿದ್ದನ್ನು ನಾನು ತಪ್ಪೆನ್ನಲಾರೆ, ಐದು ಜೀವ ಅವನ ಕೈಯಲ್ಲಿದ್ದವು. ಭಾವ ಮುಚ್ಚಿಟ್ಟದ್ದು ಸರಿ ಎಂದೂ ಹೇಳಲಾರೆ. ಆದರೆ ಇಷ್ಟು ಗೊತ್ತು, ನನ್ನ ಬಾಯಿ ಇನ್ನೊಂದು ದಿನ ಸುಮ್ಮನಿದ್ದಿದ್ದರೆ ಅವರು ಆ ಚಕ್ರ ಹಿಡಿಯುತ್ತಿದ್ದರು.

ವಾಪಸು ಬಂದ ಮೇಲೆ ಭಾವ ಒಂದು ಸಲವೂ ಆ ಮಾತೆತ್ತಲಿಲ್ಲ. ನಾನು ಅದನ್ನೇ ಆಸರೆ ಮಾಡಿಕೊಂಡೆ. ಬಹುಶಃ ಕ್ಯಾಪ್ಟನ್ ಮಾತನ್ನು ನಂಬಿದ್ದಾರೆ, ಗಾಳಿಯ ದೆಸೆಯಿಂದ ತಪ್ಪಿತು ಎಂದುಕೊಂಡಿದ್ದಾರೆ ಎಂದು. ಯಾರನ್ನೂ ನಂಬದ ನಾನು ಅದೊಂದನ್ನು ಮಾತ್ರ ಗಟ್ಟಿಯಾಗಿ ನಂಬಿದೆ.

ಮೂರು ವರ್ಷ ಕಳೆದು ದೀಪಾವಳಿಗೆ ಮೆಲ್ಬರ್ನ್‌ಗೆ ಹೋದೆವು. ಭಾವನವರಿಗೆ ಆಗ ಬೆಳಕು ಕತ್ತಲೆಯಷ್ಟೇ ತಿಳಿಯುತ್ತಿತ್ತು. ಮಧ್ಯಾಹ್ನ ಅವರು ಊಟಕ್ಕೆ ಕೂತಿದ್ದರು. ಅಕ್ಕ ಒಳಗೆ ಹಪ್ಪಳ ಕರಿಯುತ್ತಿದ್ದರು. ಬಡಿಸಲು ನಾನೇ ನಿಂತಿದ್ದೆ.

"ನಾನು ಚುಕ್ಕಾಣಿ ಹಿಡಿದ ಫೋಟೋ ಒಂದು ನಿನ್ನ ಹತ್ರ ಉಂಟಂತೆ?" ಎಂದರು.

ಇದೆ ಎಂದೆ.

"ಹೇಗುಂಟು ಹೇಳು."

ಹೇಳಿದೆ. ಹುಲ್ಲಿನ ಟೋಪಿ ಹಾಕಿದ್ದೀರಿ ಭಾವ, ಎರಡೂ ಕೈ ಚಕ್ರದ ಮೇಲಿದೆ, ಹಿಂದೆ ಬೆಟ್ಟ ಇದೆ, ನಗ್ತಾ ಇದ್ದೀರಿ. ಪಕ್ಕದಲ್ಲಿ ಅಕ್ಕ ಬಾಯಿ ತೆರೆದು ಏನೋ ಹೇಳ್ತಿದ್ದಾರೆ.

"ಎಷ್ಟು ಹೇಳ್ತಿದ್ದಾಳೆ?" ಎಂದು ನಕ್ಕರು.

ಆ ನಗು ನೋಡಿ ನನಗೆ ಧೈರ್ಯ ಬಂತು. "ಕೊನೆ ದಿನ ಒಂದು ಗಾಳಿ ಇಲ್ದೇ ಇದ್ದಿದ್ರೆ ಚೆನ್ನಾಗಿತ್ತು, ಅಲ್ವಾ ಭಾವ?" ಎಂದುಬಿಟ್ಟೆ.

ಭಾವ ಮುಖವನ್ನು ನನ್ನ ದನಿಯ ಕಡೆ ತಿರುಗಿಸಿದರು.

"ಗಾಳಿ ಮುಖಕ್ಕೆ ಗೊತ್ತಾಗ್ತದೆ ಮಾರಾಯ್ತಿ" ಎಂದರು. "ಅದಕ್ಕೆ ಕಣ್ಣು ಬೇಡ."

ನನ್ನ ಕೈಯಲ್ಲಿ ಅನ್ನದ ಸೌಟು ಹಾಗೆಯೇ ನಿಂತಿತು. ಭಾವ ತಟ್ಟೆಯ ಅಂಚನ್ನು ಬೆರಳಿನಿಂದ ಹುಡುಕಿ ಹಿಡಿದುಕೊಂಡು, "ಬಡಿಸು. ಎಲ್ಲಿ ಹಾಕಿದೆ ಅಂತ ಹೇಳು" ಎಂದರು.

ಬಡಿಸಿದೆ. "ಆಜಿ" ಎಂದೆ.