ಕಾಲುಂಗುರಕ್ಕೆ ಸುತ್ತಿದ ದಾರ

ಟಕ್. ಬಾಲ್‌ಪೆನ್ ಒತ್ತಿದಾಗ ಬರುವಂಥ ಸದ್ದು, ಆದರೆ ಅದಕ್ಕಿಂತ ಕೊಂಚ ಗಡುಸು. ಆಳಂದದ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯ ಸಣ್ಣ ದವಾಖಾನೆಯ ವರಾಂಡದಲ್ಲಿ ಪ್ರತಿ ಗುರುವಾರ ಬೆಳಿಗ್ಗೆ ಆ ಸದ್ದು ಒಂದಾದ ಮೇಲೊಂದು ಕೇಳುತ್ತಿತ್ತು. ಒಬ್ಬರ ಬೆರಳಿಗೆ ಸೂಜಿ, ಒಂದು ಹನಿ ರಕ್ತ, ಆಮೇಲೆ ಎಲ್ಲರೂ ಆ ಪುಟ್ಟ ಮಷೀನಿನ ಮುಖ ನೋಡುತ್ತ ಕೂರುವ ಮೌನ. ನಾನು ಓದಿದ ಕಾನ್ವೆಂಟಿನಲ್ಲಿ ಸಿಸ್ಟರ್ ರಿಪೋರ್ಟ್ ಕಾರ್ಡುಗಳನ್ನು ಕೈಗೆತ್ತಿಕೊಂಡಾಗ ಹಾಲ್ ತುಂಬ ಇಂಥದೇ ಮೌನ ಕವಿಯುತ್ತಿತ್ತು. ಅಲ್ಲಿ ಫೇಲಾದರೆ ಇನ್ನೊಂದು ವರ್ಷ ಸಿಗುತ್ತಿತ್ತು.

ನನಗೆ ಶುಗರ್ ಇದೆಯೆಂದು ಹೇಳಿದ ಡಾಕ್ಟರ್ ನನ್ನ ಹಳೆಯ ವಿದ್ಯಾರ್ಥಿಗಳಿಗಿಂತ ಚಿಕ್ಕವನು. "ಟೈಪ್ ಟೂ, ಮೇಡಂ. ವೆರಿ ಕಾಮನ್," ಎಂದ. ಜೀವನವಿಡೀ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿದವಳು ನಾನು. 'ಕಾಮನ್' ಎನಿಸಿಕೊಳ್ಳುವುದು ಯಾಕೋ ಅವಮಾನದಂತೆ ಕೇಳಿಸಿತು. ಮನೆಗೆ ಬಂದು ಸಕ್ಕರೆ ಡಬ್ಬಿಯನ್ನು ಪಕ್ಕದ ಮನೆಗೆ ಕೊಟ್ಟುಬಿಟ್ಟೆ. ರೊಟ್ಟಿ ಬಿಟ್ಟೆ, ಅನ್ನ ಬಿಟ್ಟೆ, ಸೌತೆಕಾಯಿ ಕಚ್ಚಿಕೊಂಡು ಕೂತೆ. ಡಿಸಿಪ್ಲಿನ್ ಎಂದರೆ ಅದು ಎಂದುಕೊಂಡಿದ್ದೆ. ಒಂದು ಮಧ್ಯಾಹ್ನ ಅಡುಗೆಮನೆಯಲ್ಲಿ ಕಣ್ಣಿಗೆ ಕತ್ತಲೆ ಕವಿದು ಗೋಡೆಗೆ ಒರಗಿ ಕುಸಿದೆ. ಮರುದಿನ ದವಾಖಾನೆಯ ನರ್ಸ್ ಬೈದಳು: "ಹಿಂಗ ಉಪವಾಸ ಸಾಯಾಕ ಯಾರ್ ಹೇಳ್ಯಾರ್ರೀ ನಿಮಗ? ಗುರುವಾರ ಬರ್ರಿ. ನಿಮ್ಮಂಥವರು ಬಾಳ ಮಂದಿ ಅದಾರ."

ಹಾಗೆ ನಾನು ಅತನೂರ ವೈನಿಯನ್ನು ಕಂಡದ್ದು. ವೈನಿ ಎಂದರೆ ನಮ್ಮ ಕಡೆ ಅತ್ತಿಗೆ. ಅಫಜಲಪುರ ತಾಲೂಕಿನ ಅತನೂರ ಅವರ ತವರು. ಆಳಂದಕ್ಕೆ ಸೊಸೆಯಾಗಿ ಬಂದು ಎಷ್ಟೋ ಕಾಲವಾದರೂ ಜನ ಅವರನ್ನು ತವರಿನ ಹೆಸರಿಂದಲೇ ಕರೆಯುತ್ತಿದ್ದರು. ಸಕ್ಕರೆ ಕಾಯಿಲೆಯಲ್ಲಿ ನಮಗೆಲ್ಲ ಹಿರಿಯರು. ಆ ಕೂಟಕ್ಕೆ ಪ್ರೆಸಿಡೆಂಟ್, ಸೆಕ್ರೆಟರಿ ಯಾರೂ ಇರಲಿಲ್ಲ, ವೈನಿ ಇದ್ದರು.

"ಬರ್ರಿ ಅಕ್ಕೋರೆ, ಕೂಡ್ರಿ. ಹೊಸಾ ಸಕ್ಕರಿ ಏನು?" ಎಂದು ಜಾಗ ಮಾಡಿಕೊಟ್ಟು, ಬಟ್ಟೆ ಅಂಗಡಿಯ ಕಾಕಾನ ಕಡೆ ತಿರುಗಿದರು. "ಕಾಕಾ, ನಿನ್ನಿ ಏನ್ ತಿಂದ್ರಿ?"

"ಎರಡು ರೊಟ್ಟಿ, ಪುಂಡಿಪಲ್ಯ."

"ನಿಮ್ಮ ಸೊಸಿ ಶೇಂಗಾ ಹೋಳಿಗಿ ಮಾಡಿದ ವಾಸನಿ ನಮ್ಮ ಓಣಿತನಾ ಬಂದಿತ್ತಲ್ರೀ?"

"ನಾನೂ ಬರೇ ವಾಸನಿ ತಗೊಂಡೇನಿ ಬೇ."

"ಬಾಯಿ ಸುಳ್ಳು ಹೇಳ್ತದ, ನೆತ್ತರ ಹೇಳಂಗಿಲ್ಲ. ಬೆರಳ ಕೊಡ್ರಿ."

ಟಕ್. ಮಷೀನು ಕಾಕಾನನ್ನು ಹಿಡಿದುಕೊಟ್ಟಿತು. ವರಾಂಡವೆಲ್ಲ ನಕ್ಕಿತು, ಕಾಕಾನೂ ನಕ್ಕರು. ಆ ಕಾಯಿಲೆಯ ಹೆಸರು ಕೇಳಿದ ಮೇಲೆ ನಾನು ನಕ್ಕದ್ದು ಅದೇ ಮೊದಲು.

ರೊಟ್ಟಿ ಬಿಡಬೇಡಿ, ಎರಡಕ್ಕೆ ನಿಲ್ಲಿಸಿ, ತಾಟಿನ ಅರ್ಧ ಪಲ್ಯವಿರಲಿ ಎಂದು ಹೇಳಿಕೊಟ್ಟವರು ವೈನಿ. ಉಂಡ ಕೂಡಲೇ ಮಲಗದೆ ಅಂಗಳದಲ್ಲಿ ತಿರುಗಾಡಲು, ಕಣ್ಣಿಗೆ ಕತ್ತಲೆ ಬಂದರೆ ಇರಲೆಂದು ಪರ್ಸಿನಲ್ಲಿ ಒಂದು ಬೆಲ್ಲದ ಚೂರು ಇಟ್ಟುಕೊಳ್ಳಲು ಕಲಿಸಿದವರೂ ಅವರೇ. ಆ ಕೂಟದ ಇನ್ನೊಂದು ಪದ್ಧತಿಗೆ ನಾನು ತಯಾರಿರಲಿಲ್ಲ. ಸಕ್ಕರೆ ಕಾಯಿಲೆಯವರ ಕಾಲಿನ ಗಾಯ ಬೇಗ ಮಾಯುವುದಿಲ್ಲ. ಮುಪ್ಪಿನಲ್ಲಿ ಬಗ್ಗಿ ತಮ್ಮ ಅಂಗಾಲು ತಾವು ನೋಡಿಕೊಳ್ಳಲಾಗುವುದಿಲ್ಲ; ಆದ್ದರಿಂದ ಇಬ್ಬಿಬ್ಬರು ಜೋಡಿಯಾಗಿ ಒಬ್ಬರ ಕಾಲು ಒಬ್ಬರು ನೋಡಬೇಕು. ಮೊಣಕಾಲತನಕ ಸಾಕ್ಸ್ ಏರಿಸಿಕೊಂಡು ಬೆಳೆದ ಕಾನ್ವೆಂಟ್ ಹುಡುಗಿ ನಾನು, ಸೀರೆಯ ನಿರಿಗೆ ಹಿಡಿದುಕೊಂಡು ಕೂತೆ. ವೈನಿ ಕೇಳಲಿಲ್ಲ. ನನ್ನ ಪಾದ ಎಳೆದು ತಮ್ಮ ತೊಡೆಯ ಮೇಲಿಟ್ಟುಕೊಂಡರು.

"ಮೆತ್ತಗ ಅದಾವ ಬಿಡ್ರಿ. ಇಂಗ್ಲಿಷ್ ಕಾಲು!"

ಆಮೇಲೆ ನನ್ನ ಸರದಿ. ಅವರ ಅಂಗಾಲು ಬಿರುಕುಬಿಟ್ಟ ಎರೆಹೊಲದಂತಿತ್ತು. ನರ್ಸ್ ತೋರಿಸಿದಂತೆ ಪೆನ್ನಿನ ಕ್ಯಾಪಿನಿಂದ ಹಿಮ್ಮಡಿ ಒತ್ತಿದೆ. ಬೆರಳುಗಳ ಬುಡ ಒತ್ತಿದೆ. ವೈನಿ ಮುಖ ಆಚೆ ತಿರುಗಿಸಿ ಕೂತೇ ಇದ್ದರು.

"ಶುರು ಮಾಡ್ರಲ್ಲ ಅಕ್ಕೋರೆ," ಎಂದರು.

ನಾನು ಆಗಲೇ ಮುಗಿಸಿದ್ದೆ.

ನೋವನ್ನು ನಾವು ಶತ್ರು ಎಂದುಕೊಳ್ಳುತ್ತೇವೆ. ಅದು ಮನೆಬಿಟ್ಟು ಹೋದ ಮೇಲೆ ಬಾಗಿಲು ಕಾಯುವವರು ಯಾರೂ ಇರುವುದಿಲ್ಲ ಎಂದು ಅಂದು ನನಗೆ ಹೊಳೆಯಿತು.

ಅವರ ಎರಡನೆಯ ಬೆರಳುಗಳಲ್ಲಿ ದಪ್ಪ ಬೆಳ್ಳಿಯ ಕಾಲುಂಗುರಗಳಿದ್ದವು. ನನ್ನ ಕಣ್ಣು ಅತ್ತ ಹೋದರೆ ಕಾಲು ಹಿಂದಕ್ಕೆ ಸರಿಯುತ್ತಿತ್ತು. "ಅದನ್ ಬಿಡ್ರಿ. ಅದು ನಮ್ಮ ಮನಿಯವರ ಜಾಗಾ." ಅವರ ಯಜಮಾನರಿಗೆ ಸೊಲ್ಲಾಪುರದಲ್ಲಿ ಹಾರ್ಟ್ ಆಪರೇಷನ್ ಆಗಿತ್ತು. ನನ್ನವರು ಹೋಗಿ ಬಹಳ ಕಾಲವಾಗಿ, ನನ್ನ ಬೆರಳಲ್ಲಿ ಉಂಗುರದ ಗುರುತೂ ಉಳಿದಿರಲಿಲ್ಲ. ಆ ಮಾತಿಗೆ ನಾನು ಏನೆಂದು ಎದುರಾಡಲಿ? ಬೆರಳಿನ ಸುತ್ತ ಯಾವಾಗಲೂ ಅರಿಸಿನ ಹಚ್ಚಿರುತ್ತಿದ್ದರು. ಮುತ್ತೈದೆಯ ಅಲಂಕಾರ ಎಂದುಕೊಂಡಿದ್ದೆ.

ಆ ವರ್ಷ ವೈನಿ ಇಳಿಯುತ್ತ ಹೋದರು. "ಕುಪ್ಪಸ ಸಡ್ಲ ಆಗ್ಯಾವ, ಮದಲಗಿತ್ತಿ ಕಂಡಂಗ ಕಾಣಾಕತ್ತೇನಿಲ್ಲ?" ಎಂದು ನಗುತ್ತಿದ್ದರು. ನಾವೂ ಚಪ್ಪಾಳೆ ತಟ್ಟಿದೆವು. ಕುಪ್ಪಸ ಸಡಿಲಾದ ಮೈಯಲ್ಲಿ ಮತ್ತೇನೇನು ಸಡಿಲಾಗಿದೆ ಎಂದು ಯಾರೂ ಕೇಳಲಿಲ್ಲ.

ಎಳ್ಳಮಾವಾಸ್ಯೆಗೆ ಅತನೂರಿನ ಅವರ ತಮ್ಮನ ಹೊಲಕ್ಕೆ ನನ್ನನ್ನೂ ಕರೆದರು. ಚೌಡಾಪುರದಲ್ಲಿ ಗಾಡಿ ನಿಲ್ಲಿಸಿ ಸಕ್ಕರೆ ಇಲ್ಲದ ಚಹಾ ಕೇಳಿದಾಗ ಹೋಟೆಲಿನವನು, "ಹಬ್ಬದ ದಿನಾನೂ ಹಿಂಗೇನ್ರೀ?" ಎಂದ. "ನಮಗ ಸಕ್ಕರಿ ಮೈಯಾಗೇ ಅದ, ಬೇಕಿದ್ರ ನೀ ಒಂದ್ ಚಮಚ ತಗೋ," ಎಂದರು ವೈನಿ. ಹೊಲದಲ್ಲಿ ತೊಗರಿ ಒಣಗಿ ನಿಂತಿತ್ತು, ಗಾಳಿ ಇರಲಿಲ್ಲ. ಚಪ್ಪಲಿ ಬಿಟ್ಟು, ಭೂತಾಯಿಗೆ ನೈವೇದ್ಯವಾದ ಬಜ್ಜಿ ಕಡುಬಿನ ಚರಗವನ್ನು ಬೆಳೆಯ ನಡುವೆ ಎಲ್ಲರೂ ಬರಿಗಾಲಲ್ಲಿ ಚೆಲ್ಲಿಬಂದೆವು. ಆಮೇಲೆ ಪಂಪಿನ ನೀರಿಗೆ ಕಾಲು ಒಡ್ಡಿದೆವು. ವೈನಿಯ ಎಡಗಾಲಿನ ಕೆಸರು ತೊಳೆದುಹೋಯಿತು, ಅರಿಸಿನವೂ ತೊಳೆದುಹೋಯಿತು.

ಉಂಗುರಕ್ಕೆ ದಾರ ಸುತ್ತಿತ್ತು. ಸಡಿಲಾದ ಉಂಗುರಕ್ಕೆ ದಾರ ಸುತ್ತಿ ಬಿಗಿ ಮಾಡುವುದು ನಮ್ಮ ಕಡೆ ಎಲ್ಲ ಹೆಂಗಸರೂ ಮಾಡುವುದೇ. ಆದರೆ ಆ ದಾರ ಕಪ್ಪಾಗಿ ಮಾಂಸದೊಳಗೆ ಇಳಿದಿತ್ತು. ಅದರ ಎರಡೂ ಬದಿ ಬೆರಳು ನೇರಳೆಹಣ್ಣಿನಂತೆ ಉಬ್ಬಿತ್ತು. ಆಗ ವಾಸನೆ ಬಂತು.

"ಏನಿದು ವೈನಿ?"

"ಜರಾ ಸಡ್ಲ ಆಗಿತ್ರಿ. ದೀಪಾವಳ್ಯಾಗ ಬಚ್ಚಲದಾಗ ಜಾರಿ ಬಿದ್ದಿತ್ತು. ಅವತ್ತೇ ನಮ್ಮ ಮನಿಯವರಿಗಿ ಎದಿ ಹಿಡ್ಕೊಂತು. ಮತ್ತ ಬೀಳಬಾರ್ದಂತ ಗಟ್ಟಿ ಸುತ್ತೇನಿ."

"ನೋವು?"

"ಏನೂ ಇಲ್ರಿ," ಎಂದರು ಸಮಾಧಾನದಿಂದ. ನನಗೆ ಹೆದರಿಕೆ ಹುಟ್ಟಿಸಿದ್ದು ಆ ಸಮಾಧಾನವೇ.

"ಇವತ್ತೇ ತೆಗೀಬೇಕು. ಸೀದಾ ಕಲಬುರ್ಗಿ ದವಾಖಾನಿಗೆ ಹೋಗೂಣು, ನಡೀರಿ."

ಅವರ ತಮ್ಮನ ಹೆಂಡತಿ ನನ್ನ ಬರಿ ಬೆರಳು ನೋಡಿದಳು, ಬರಿ ಹಣೆ ನೋಡಿದಳು. "ಅಮಾಸಿ ದಿನಾ, ಹೊಲದಾಗ ನಿಂತು... ನೀವ್ ಅನಬಾರ್ದ್ರೀ ಅಕ್ಕೋರೆ," ಎಂದಳು.

"ನಾನಲ್ಲದ ಯಾರ್ ಅನಬೇಕು? ನಾ ಆಕೀ ಜೋಡಿ," ಎಂದೆ. ದನಿ ಏರಿತ್ತು. ಗಂಡಸರು ತಿರುಗಿ ನೋಡಿದರು. ವೈನಿ ಕಾಲು ಎಳೆದುಕೊಂಡು ಸೀರೆ ಇಳಿಬಿಟ್ಟರು. ಊಟಕ್ಕೆ ಕೂತಾಗ ಅವರು ಕಡುಬಿನ ಮೇಲೆ ಕಡುಬು ಹಾಕಿಸಿಕೊಂಡರು. ಯಾರಿಗೋ ಸೆಡ್ಡು ಹೊಡೆದಂತೆ ಉಂಡರು. ಹಿಂದಿರುಗುವಾಗ ದಾರಿಯುದ್ದಕ್ಕೂ ಮತ್ತೆ ಮತ್ತೆ ಅದನ್ನೇ ಹೇಳಿದೆ. "ಸಂಕ್ರಾಂತಿ ಆಗ್ಲಿ," ಎಂದರು.

ಸಂಕ್ರಾಂತಿಯವರೆಗೆ ಬೆರಳು ಕಾಯಲಿಲ್ಲ. ಜ್ವರ ಏರಿ ಮಾತು ತಪ್ಪಿದಾಗ ಯಜಮಾನರೇ ಕಲಬುರಗಿಗೆ ಒಯ್ದರಂತೆ. ಅಲ್ಲಿ ಉಂಗುರ ಕತ್ತರಿಸಿದರು, ಆಮೇಲೆ ಬೆರಳು, ಆಮೇಲೆ ಪಕ್ಕದ ಬೆರಳುಗಳು. ಗುರುವಾರ ವರಾಂಡದಲ್ಲಿ ನಾವು ಕೂತೇ ಇದ್ದೆವು, ಏನು ತಿಂದಿರಿ ಎಂದು ಕೇಳುವವರಿರಲಿಲ್ಲ. "ನಾ ನಿನ್ನಿ ಜಿಲೇಬಿ ತಿಂದೇನ್ರೀ," ಎಂದು ಕಾಕಾ ತಾವಾಗಿಯೇ ಹೇಳಿ ಕಣ್ಣೊರೆಸಿಕೊಂಡರು. ಆ ವಾರ ನನ್ನ ರಿಪೋರ್ಟ್ ನೋಡಿ ಡಾಕ್ಟರ್ "ಎಕ್ಸಲೆಂಟ್" ಎಂದ. ಅದು ವೈನಿಯ ಕೈಗುಣದ ಫಲ. ಅದನ್ನು ಎತ್ತಿಕೊಂಡು ಎಲ್ಲಿಗೆ ಹೋಗಲಿ ಎಂದು ತಿಳಿಯದೆ ಮಡಚಿ ಪರ್ಸಿನಲ್ಲಿಟ್ಟೆ.

ಬೇಸಿಗೆಯಲ್ಲಿ ಜೇವರ್ಗಿಗೆ ಹೋದೆ. ಅಲ್ಲಿ ವೈನಿಯನ್ನು ಅವರ ಮಗಳ ಮನೆಯಲ್ಲಿ ಇಟ್ಟುಕೊಂಡಿದ್ದರು. ಬಸ್ಸು ಭೀಮಾ ನದಿ ದಾಟುವಾಗ ಕೆಳಗೆ ನೀರು ಅಲ್ಲಲ್ಲಿ ನಿಂತು ಹಸಿರುಗಟ್ಟಿತ್ತು. ವೈನಿ ಪಡಸಾಲೆಯ ಮಂಚದ ಮೇಲಿದ್ದರು, ಎಡಗಾಲಿಗೆ ಬಿಳಿ ಬ್ಯಾಂಡೇಜು. ಯಜಮಾನರು ಗುಂಡುಕಲ್ಲಿನಂತೆ ಪಕ್ಕದಲ್ಲಿ ಕೂತಿದ್ದರು.

"ಮದ್ಲ ಹೇಳ್ರಿ, ನಿಮ್ ಸಕ್ಕರಿ ಎಷ್ಟದ?"

ಹೇಳಿದೆ. "ಶಾಬಾಸ್!" ಎಂದು ನನ್ನ ಬೆನ್ನು ತಟ್ಟಿದರು. ಆಗ ಅವರ ಬಲಗಾಲು ಕಂಡಿತು. ಎರಡನೆಯ ಬೆರಳಲ್ಲಿ ಅದರ ಉಂಗುರ. ಮೂರನೆಯದರಲ್ಲಿ ಎಡಗಾಲಿನದು, ಕತ್ತರಿಸಿದ್ದನ್ನು ಅಕ್ಕಸಾಲಿಗನಿಂದ ಬೆಸೆಸಿದ್ದರು. ಆ ಬೆರಳು ಸಣ್ಣದು. ಹೊಸ ಹಳದಿ ದಾರ ಬಿಗಿಯಾಗಿ ಸುತ್ತಿತ್ತು.

ನಾನು ಯಜಮಾನರ ಕಡೆ ನೋಡಿದೆ.

"ನಾ ಹೇಳೇನ್ರಿ. ನನಗೇನ್ ಆಗೇದ, ಗಟ್ಟಿ ಅದೀನಿ, ತೆಗಿ ಅಂದೇನಿ. ಕೇಳಂಗಿಲ್ಲ."

"ಗಟ್ಟಿ ಇರೂದು ಯಾತಕ್ಕಂತ?" ಎಂದರು ವೈನಿ.

ಅವರು ಆಗಷ್ಟೇ ಸ್ನಾನ ಮಾಡಿದ್ದರು, ದಾರ ಒದ್ದೆಯಿತ್ತು. ಬೆರಳ ಸಂದಿ ಒದ್ದೆಯಿದ್ದರೆ ಹುಣ್ಣಾಗುತ್ತದೆಂದು ನರ್ಸ್ ಹೇಳುತ್ತಿದ್ದಳು. ನಾನು ಕೆಳಗೆ ಕೂತು ಸೆರಗಿನಿಂದ ಬೆರಳ ಸಂದಿಯನ್ನೆಲ್ಲ ಒರೆಸಿದೆ. ಸುಮ್ಮನೆ ಒರೆಸಗೊಟ್ಟರು. ದಾರದ ಗಂಟಿಗೆ ನನ್ನ ಉಗುರು ತಾಕಿದ ಕೂಡಲೇ ನನ್ನ ಕೈ ಹಿಡಿದುಕೊಂಡರು.

"ಸಾಕ್ರಿ ಅಕ್ಕೋರೆ, ನಿಮ್ ಬಸ್ ತಪ್ತದ."

ಬೇಡವೆಂದರೂ ಬೀಳ್ಕೊಡಲು ಎದ್ದರು. ಗೇಟಿನಿಂದ ತಿರುಗಿ ನೋಡಿದಾಗ ಅವರು ಬಾಗಿಲ ಚೌಕಟ್ಟು ಹಿಡಿದು ಹೊಸ್ತಿಲ ಬಳಿ ನಿಂತಿದ್ದರು. ಮಗಳು ಆಗತಾನೇ ಹೊಸ್ತಿಲು ತೊಳೆದಿದ್ದಳು. ವೈನಿ ಇಡೀ ಮೈಭಾರವನ್ನು ಆ ಬಲಗಾಲಿನ ಮೇಲೆ ಹಾಕಿ, ಆ ನೀರಿನಲ್ಲೇ ನಿಂತು, ನನ್ನತ್ತ ಕೈ ಎತ್ತಿದರು.