ಅಕ್ಕ ಒಪ್ಪದ ಹಾಡು

ಇವತ್ತು ಬೆಳಿಗ್ಗೆ ಮಂಗಳೂರಿನ ಪಂಪ್‌ವೆಲ್‌ನಲ್ಲಿ ಬಸ್ಸು ಹತ್ತಿ ಕೂತೆ. ಪಕ್ಕದ ಹೆಂಗಸಿನ ಮಡಿಲಲ್ಲಿ ಒಂದು ಬಟ್ಟೆಯ ಚೀಲ. ಅದರಿಂದ ಒದ್ದೆ ಬೀಡಿ ಎಲೆಯ, ಹೊಗೆಸೊಪ್ಪಿನ ವಾಸನೆ. ನಿಮಗೆ ಅದು ಹೇಗೋ ಗೊತ್ತಿಲ್ಲ, ನನಗಂತೂ ಅದು ನಮ್ಮ ಹಳೆಯ ಮನೆಯ ಜಗಲಿಯ ವಾಸನೆ. ಅಲ್ಲಿ ಕೂತು ನಮ್ಮ ಗಿರಿಜಕ್ಕ ಎಷ್ಟೋ ವರ್ಷ ಬೀಡಿ ಕಟ್ಟಿದಳು. ಅಕ್ಕನ ನೆನಪಾಗಲು ಇನ್ನೊಂದು ಕಾರಣವೂ ಇತ್ತು: ನಾನು ಹೊರಟದ್ದು ಈ ವರ್ಷದ ಸಂಗೀತ ಸರಣಿಯ ಸಭೆಗೆ.

ಸರಣಿ ಎಂದರೆ ಏನೆಂದು ಹೇಳಿಬಿಡುತ್ತೇನೆ. ನಾನು ಕಾಲೇಜಿನಲ್ಲಿ ಕನ್ನಡ ಪಾಠ ಮಾಡಿ ನಿವೃತ್ತನಾದವನು. ನನಗೆ ರಾಗ ಗೊತ್ತಿಲ್ಲ, ಚಪ್ಪಾಳೆ ತಟ್ಟಿದರೂ ತಾಳ ತಪ್ಪುತ್ತದೆ. ಆದರೂ ಮೂರು ವರ್ಷಗಳ ಹಿಂದೆ ಕೆಲವು ಗೆಳೆಯರು ಹೊಸ ಸಂಗೀತದ ಸರಣಿ ಶುರು ಮಾಡಿದಾಗ ನನ್ನನ್ನೂ ಸೇರಿಸಿಕೊಂಡರು. ಆಮಂತ್ರಣದ ಕಾಗುಣಿತ ತಿದ್ದಲು ಒಬ್ಬರು ಬೇಕಿತ್ತೆಂದು ನನ್ನ ಗುಮಾನಿ. ಮಳೆಗಾಲ ಮುಗಿದ ಮೇಲೆ ತಿಂಗಳಿಗೊಂದು ಕಾರ್ಯಕ್ರಮ, ಒಂದೊಂದಕ್ಕೂ ಊರಿನ ಬದುಕಿಗೆ ಸಂಬಂಧಿಸಿದ ಒಂದು ವಿಷಯ. ಮೊದಲ ವಿಷಯ ದುಡಿಮೆ. ಗಿಟಾರು, ವಯೊಲಿನ್, ಚೆಂಡೆ, ನಾಲ್ಕೈದು ಹಾಡುಗಾರರು. ರಾಗ ಹಾಕುವವಳು ರೋಶನಿ. ಸುರತ್ಕಲ್‌ನಲ್ಲಿ ಮಕ್ಕಳಿಗೆ ಸಂಗೀತ ಕಲಿಸುವ ಹುಡುಗಿ, ಮನೆಮಾತು ಕೊಂಕಣಿ.

ಬೀಡಿ ಕಟ್ಟುವವರ ಮೇಲೆ ಹಾಡು ಬೇಕು ಎಂದವನು ನಾನೇ, ಬರೆಯುತ್ತೇನೆ ಎಂದವನೂ ನಾನೇ. ಹೆಸರು ‘ಹೊಗೆಯ ಕಣ್ಣೀರು’. ಅದರಲ್ಲಿ ಸುಟ್ಟ ಕನಸುಗಳಿದ್ದವು, ಮುಸ್ಸಂಜೆಯಲ್ಲಿ ಒಬ್ಬಳೇ ಕೂತು ಬಿಕ್ಕುವ ಹೆಂಗಸಿದ್ದಳು. ಸಭೆಯಲ್ಲಿ ಓದಿದಾಗ ಸದಸ್ಯರೊಬ್ಬರು ಕನ್ನಡಕ ತೆಗೆದು ಒರೆಸಿಕೊಂಡರು. ಅವರ ಕನ್ನಡಕ ಯಾವಾಗಲೂ ಮಸುಕೇ ಎನ್ನುವುದು ಆಗ ನನಗೆ ಹೊಳೆಯಲಿಲ್ಲ. ಹಾಡಿನ ಹೆಸರಿನೊಂದಿಗೇ ಆಮಂತ್ರಣ ಅಚ್ಚಿಗೆ ಹೋಯಿತು.

ಆಮೇಲೆ ರೋಶನಿ ಕೇಳಿದಳು. “ಸರ್, ಬೀಡಿ ಕಟ್ಟುವಾಗ ಅವರು ಎಂತ ಹಾಡ್ತಾರೆ? ಆ ಧಾಟಿ ಸಿಕ್ಕಿದ್ರೆ ಒಳ್ಳೆದಿತ್ತು. ನಿಮಗೆ ಯಾರಾದ್ರೂ ಗೊತ್ತುಂಟಾ?”

ವಿಚಾರಿಸಿ ಹೇಳುತ್ತೇನೆ ಎಂದೆ. ಚಾ ಅರ್ಧ ಕುಡಿದ ಮೇಲೆ ನೆನಪಾಯಿತು: ಬೀಡಿ ಕಟ್ಟಿ ನನ್ನನ್ನು ಎಂ.ಎ. ಓದಿಸಿದ ಅಕ್ಕ ವಾಮಂಜೂರಿನಲ್ಲಿ ಮಗಳ ಮನೆಯಲ್ಲಿದ್ದಾಳೆ. ಹಾಡು ಬರೆಯುವಾಗ ಅವಳನ್ನು ಒಂದು ಮಾತು ಕೇಳಬೇಕು ಎಂದೇ ನನಗೆ ತೋಚಿರಲಿಲ್ಲ.

ಭಾನುವಾರ ಇಬ್ಬರೂ ಹೋದೆವು. ಚಾದ ಜೊತೆ ಬಿಸಿ ಗೋಳಿಬಜೆ ಬಂತು. ರೋಶನಿ ಫೋನಿನಲ್ಲಿ ರೆಕಾರ್ಡಿಂಗ್ ಹಾಕಿಟ್ಟಳು. ಮನೆಯಲ್ಲಿ ತುಳುವಿನಲ್ಲೇ ಮಾತಾಡುವ ಅಕ್ಕ ಅವಳಿಗಾಗಿ ಕನ್ನಡಕ್ಕೆ ತಿರುಗಿದಳು.

“ಹಾಡುವುದಾ? ಹಾಡ್ಲಿಕ್ಕೆ ಎಲ್ಲಿ ಪುರುಸೊತ್ತು! ರೇಡಿಯೋ ಇತ್ತು, ಅದು ಹಾಡ್ತಿತ್ತು. ನಾವು ಐದು ಜನ ಮಾತಾಡ್ತಿದ್ದೆವು.”

ರೋಶನಿಯ ಮುಖ ಸಣ್ಣದಾಯಿತು. ಸಂದರ್ಭ ಸುಧಾರಿಸಲು ನಾನು ಜೇಬಿನಿಂದ ನನ್ನ ಹಾಡು ತೆಗೆದು, ಪಾಠದ ದನಿಯಲ್ಲೇ ಓದಿದೆ. ಅಕ್ಕ ಕೊನೆಯವರೆಗೂ ಕೇಳಿದಳು.

“ಇದು ಯಾರ ಕತೆ?”

“ನಿನ್ನದೇ ಅಕ್ಕ.”

“ನಾನು ಯಾವಾಗ ಮಾರಾಯ ಅತ್ತದ್ದು? ಕಣ್ಣೀರು ಬಿದ್ರೆ ಹೊಗೆಸೊಪ್ಪು ಒದ್ದೆಯಾಗುವುದಿಲ್ವಾ?”

ರೋಶನಿ ಫಕ್ಕನೆ ನಕ್ಕಳು. ಅಕ್ಕ ನಗಲಿಲ್ಲ. “ಕಷ್ಟ ಇರ್ಲಿಲ್ಲ ಅಂತ ಹೇಳುವುದಿಲ್ಲ. ಬೆನ್ನು ನೋವು ಈಗಲೂ ಉಂಟು. ಆದ್ರೆ ಆ ಜಗಲಿಯಲ್ಲಿ ನಗಾಡಿದಷ್ಟು ನಾನು ಮತ್ತೆ ಎಲ್ಲಿಯೂ ನಗಾಡ್ಲಿಲ್ಲ. ಓದ್ಲಿಕ್ಕೆ ಆಗುವುದಿಲ್ಲ ಅಂತ ನೀನು ಬಾಗಿಲು ಹಾಕಿಕೊಳ್ತಿದ್ದೆ. ನಿನಗೆ ಹೇಗೆ ಗೊತ್ತಾಗ್ಬೇಕು? ಇದನ್ನು ಹಾಡಿಸ್ಬೇಡ. ನಾಲ್ಕು ಜನರ ಎದುರು ನನ್ನನ್ನು ‘ಅಯ್ಯೋ ಪಾಪ’ ಮಾಡ್ಬೇಡ.”

ಮರಳಿ ಬರುವಾಗ ಬಸ್ಸಿನಲ್ಲಿ ನಾನು ರೋಶನಿಗೆ ಕಾವ್ಯದ ಸತ್ಯ, ಲೋಕದ ಸತ್ಯ ಎಂದೆಲ್ಲ ವಿವರಿಸಿದೆ. ಅವಳು ಕಿಟಕಿಯ ಹೊರಗೆ ನೋಡುತ್ತ, “ಸರ್, ಬೇಸರ ಮಾಡ್ಬೇಡಿ. ನಿಮ್ಮ ಪದ್ಯಕ್ಕಿಂತ ಅಕ್ಕ ಬೈದದ್ದೇ ರಾಗಕ್ಕೆ ಲಾಯ್ಕಾಗಿ ಕೂರ್ತದೆ” ಎಂದಳು.

ಬೇಸರ ಮಾಡಿಕೊಂಡೆ. ಎರಡು ದಿನ ಅಕ್ಕನ ಫೋನೂ ಎತ್ತಲಿಲ್ಲ. ಅರುವತ್ತು ದಾಟಿದವನ ಮುನಿಸು ನೋಡಲು ಚೆಂದವಲ್ಲ. ಮೂರನೆಯ ದಿನ ಒಬ್ಬನೇ ವಾಮಂಜೂರಿಗೆ ಹೋಗಿ, “ಆ ಜಗಲಿಯಲ್ಲಿ ನೀವು ಏನು ಮಾತಾಡುತ್ತಿದ್ದಿರಿ, ಹೇಳು” ಎಂದು ಅವಳೆದುರು ಕೂತೆ.

ಅಕ್ಕ ಸಂಜೆಯವರೆಗೆ ಹೇಳಿದಳು. ಬೀಡಿ ತಪಾಸಣೆ ಮಾಡುವವನು ಮೂಗು ಮುರಿಯುವುದನ್ನು ಸುಂದರಿ ಎಂಬಾಕೆ ಅನುಕರಿಸುತ್ತಿದ್ದಳಂತೆ. ಹೊಸ ಬಸ್ ಕಂಡಕ್ಟರ್ ಬಂದರೆ ಜಗಲಿಯಲ್ಲೇ ಅವನಿಗೆ ಹೆಣ್ಣು ನಿಶ್ಚಯವಾಗುತ್ತಿತ್ತಂತೆ. ಒಬ್ಬಳ ಗಂಡ ಕಾಯಿಲೆ ಬಿದ್ದಾಗ ಉಳಿದ ನಾಲ್ವರೂ ತಾವು ಕಟ್ಟಿದ್ದರಲ್ಲಿ ಒಂದಿಷ್ಟನ್ನು ಅವಳ ಮೊರಕ್ಕೆ ಹಾಕಿಬಿಡುತ್ತಿದ್ದರಂತೆ; ಯಾರೂ ಆ ಬಗ್ಗೆ ಮಾತೆತ್ತುತ್ತಿರಲಿಲ್ಲ. ಕೊನೆಗೆ ಅಕ್ಕ ಹೇಳಿದಳು, “ನಿನ್ನ ಪರೀಕ್ಷೆಯ ವಾರ ಮಾತ್ರ ಬಾಯಿಗೆ ಸೆರಗು ಒತ್ತಿಕೊಂಡು ನಗಾಡುತ್ತಿದ್ದೆವು.”

ಅದನ್ನೂ ನಾನು ತಲೆ ತಗ್ಗಿಸಿ ಬರೆದುಕೊಂಡೆ.

ರೋಶನಿ ಅಕ್ಕನ ಆ ಮಾತುಗಳಿಗೇ ರಾಗ ಹಾಕಿದಳು. ಆಮಂತ್ರಣ ಮತ್ತೆ ಅಚ್ಚಾಯಿತು. ಅಳುವ ಹಾಡಾದರೆ ಜನ ಬರುತ್ತಿದ್ದರು ಎಂದು ಕನ್ನಡಕದವರು ಗೊಣಗಿದರು. ಅಭ್ಯಾಸದಲ್ಲಿ ಚೆಂಡೆಯವನು ಮೈಕಿನ ಹತ್ತಿರ ಬೀಡಿ ಎಲೆಯ ಕತ್ತರಿ ಆಡಿಸಿ ತಾಳ ಹಿಡಿಯುತ್ತಿದ್ದ. ಅಭ್ಯಾಸ ನೋಡಲು ಬಂದ ಅಕ್ಕ ಸ್ವಲ್ಪ ಹೊತ್ತು ಸಹಿಸಿಕೊಂಡು, “ಇಷ್ಟು ನಿಧಾನವಾ? ಹೀಗೆ ಕತ್ತರಿಸಿದ್ರೆ ಆ ಎಲೆ ನಾಳೆಗೂ ಮುಗಿಯುವುದಿಲ್ಲ” ಎಂದು ಕತ್ತರಿ ಇಸಿದುಕೊಂಡಳು. ಅವಳ ಕೈ ಓಡಿದ ವೇಗಕ್ಕೆ ಗಿಟಾರು ತಡಬಡಿಸಿ ನಿಂತೇಹೋಯಿತು. ವೇದಿಕೆ ಹತ್ತಲು ಮಾತ್ರ ಅವಳು ಒಪ್ಪಲಿಲ್ಲ. “ನಾನು ಕೂತು ನೋಡ್ತೇನೆ. ಕಟ್ಟಿದ್ದು ಸಾಕಾಗಿದೆ.”

ಹೆಂಗಸರಿಗೆ ಮನೆಗೆ ಮರಳಲು ಬಸ್ಸು ಸಿಗಲಿ ಎಂದು ಕಾರ್ಯಕ್ರಮವನ್ನು ಮಧ್ಯಾಹ್ನ ಮೂರಕ್ಕೆ ಇಟ್ಟೆವು. ಜಗಲಿಯ ಐವರಲ್ಲಿ ಅಕ್ಕ ಸೇರಿ ಮೂವರು ಬಂದಿದ್ದರು. ತಪಾಸಣೆಯವನ ಮೂಗಿನ ಸಾಲಿಗೆ ಸಭೆಯೇ ನಕ್ಕಿತು. ಪರೀಕ್ಷೆಯ ವಾರದ ಸಾಲು ಬಂದಾಗ ಹಾಡುಗಾರರು ದನಿ ತಗ್ಗಿಸಿ ಪಿಸುನಗೆಯಲ್ಲಿ ಹಾಡಿದರು. ಆಗ ನಾನು ಯಾರ ಮುಖವನ್ನೂ ನೋಡಲಿಲ್ಲ. ಅತ್ತವನು ಆ ಸಭೆಯಲ್ಲಿ ನಾನೊಬ್ಬನೇ ಇರಬೇಕು.

ಮುಗಿದ ಮೇಲೆ ಅಕ್ಕನನ್ನು ಕೇಳಿದೆ, “ಹೇಗಿತ್ತು?”

“ಲಾಯ್ಕಿತ್ತು. ಅದರಲ್ಲಿ ನೀನು ಬರೆದದ್ದು ಯಾವುದು?”

“ಎಂತದೂ ಇಲ್ಲ ಅಕ್ಕ.”

“ಹಾಗಾದ್ರೆ ಸರಿ” ಎಂದು ನನ್ನ ಬೆನ್ನಿಗೊಂದು ಗುದ್ದಿ, ಗೆಳತಿಯರ ಜೊತೆ ಬಸ್‌ಸ್ಟಾಪಿಗೆ ಹೊರಟಳು.

ಇವತ್ತಿನ ಸಭೆಯಲ್ಲಿ, ಗಲ್ಫಿನಲ್ಲಿ ವರ್ಷಗಟ್ಟಲೆ ಗಾಡಿ ಓಡಿಸಿ ಊರಿಗೆ ಮರಳಿದವರ ಮೇಲೆ ಒಂದು ಹಾಡು ಇರಲಿ ಎಂದು ತೀರ್ಮಾನವಾಯಿತು. “ವಿರಹ, ಮರಳುಗಾಡು, ತಾಯಿಯ ಪತ್ರ, ಎಲ್ಲ ಬರಲಿ ಸರ್” ಎಂದರು ಕನ್ನಡಕದವರು. ನನ್ನೊಳಗೆ ಆಗಲೇ ಎರಡು ಸಾಲು ತಯಾರಾಗಿದ್ದವು, ಸುಳ್ಳು ಹೇಳುವುದಿಲ್ಲ. ಆದರೆ ಬಾಯಿ ಬಿಡದೆ ರೋಶನಿಯಿಂದ ಅಂಥ ಚಾಲಕರೊಬ್ಬರ ನಂಬರು ಪಡೆದು, ಹೊರಗೆ ಬಂದು ಫೋನ್ ಮಾಡಿದೆ. ಸುರತ್ಕಲ್‌ನ ಆ ಚಾಲಕರು ಆಚೆಯಿಂದ ಕೇಳಿದರು, “ಎಂತ ವಿಷಯ?”

“ನಿಮ್ಮ ಹತ್ತಿರ ಸ್ವಲ್ಪ ಮಾತಾಡಬೇಕಿತ್ತು. ನಾಳೆ ಅರ್ಧ ಗಂಟೆ ಬಿಡುವುಂಟಾ?”

“ಅರ್ಧ ಗಂಟೆಯಾ?” ಅವರು ಜೋರಾಗಿ ನಕ್ಕರು. “ಅದು ಎಲ್ಲಿಗೆ ಸಾಕಾಗ್ತದೆ ಮಾರಾಯ್ರೇ! ನೀವು ಊಟಕ್ಕೇ ಬನ್ನಿ.”